ಗ್ಲಾಸು ತೊಳೆದವರಾರು?

(ಪುಣೆಯ ಕನ್ನಡ ವಿದ್ಯಾರ್ಥಿಗಳ ಕೂಟದಲ್ಲಿ ಮಾಡಿದ ಭಾಷಣ)



ನಾನು ಏಳನೆಯ ತರಗತಿಯವರೆಗೆ ಓದಿದವನು. ಭಾಷಣ ನನ್ನ ಕಸುಬಲ್ಲ. ಗ್ಲಾಸು ತೊಳೆಯುವುದನ್ನು ಬಲ್ಲೆ. ಹದಿಮೂರನೆಯ ವಯಸ್ಸಿಗೆ ಕುಂದಾಪುರದ ಕಡೆಯಿಂದ ಈ ಊರಿಗೆ ಬಂದು, ಒಂದು ಹೋಟೆಲಿನ ಹಿಂಬದಿಯಲ್ಲಿ ಸೋಡಾಪುಡಿಯ ನೀರಿಗೆ ಕೈಯಿಟ್ಟೆ. ಬೆರಳ ಸಂದಿಯ ಹುಣ್ಣು ಮಾಯಲು ವರ್ಷ ಹಿಡಿಯಿತು. ಹೆಸರು ಕೇಳುವವರಿರಲಿಲ್ಲ. ನಮ್ಮವರಿಗೆ ನಾನು ‘ಮಾಣಿ’, ಮರಾಠಿಯವರಿಗೆ ‘ಬಾರಕ್ಯಾ’.

ನೀವು ಅಮೃತತುಲ್ಯದಲ್ಲಿ ಚಹಾ ಕುಡಿಯುತ್ತೀರಿ. ಹಬ್ಬಕ್ಕೆ ತಾಯಂದಿರು ರೇಷ್ಮೆ ಸೀರೆ ಉಡುತ್ತಾರೆ. ಆ ರೇಷ್ಮೆಯ ಮಾತು ಕೇಳಿರಿ. ಗೂಡನ್ನು ಕುದಿನೀರಿನಲ್ಲಿ ಬೇಯಿಸಿ ಎಳೆಯ ತುದಿಯನ್ನು ಹುಡುಕಬೇಕು. ಸೌಟಿಗೆ ಅದು ತಿಳಿಯುವುದಿಲ್ಲ, ಬೆರಳಿಗೇ ತಿಳಿಯಬೇಕು. ರಾಮನಗರ, ಮಾಗಡಿಗಳ ಕಡೆ ಈ ಕೆಲಸಕ್ಕೂ ನೂಲು ಹುರಿ ಮಾಡುವ ಯಂತ್ರಗಳಿಗೂ ಎಳೆಯರನ್ನು ಹಚ್ಚಿದ್ದನ್ನು ಮಾನವ ಹಕ್ಕುಗಳ ಒಂದು ಸಂಸ್ಥೆ 2003ರಲ್ಲಿ ಜಗತ್ತಿಗೆ ಸಾರಿತು. ತಂದೆತಾಯಿ ಪಡೆದ ಮುಂಗಡ ಸಾಲಕ್ಕೆ ಮಗುವೇ ಅಡವು!

ಕಾಯಿದೆ ಇಲ್ಲವೆಂದಲ್ಲ. 1986ರ ಕಾಯಿದೆಯ ನಿಷೇಧದ ಪಟ್ಟಿಗೆ ಹೋಟೆಲು, ಚಹಾ ಅಂಗಡಿಗಳು ಸೇರಿದ್ದು 2006ರ ಅಕ್ಟೋಬರ್ 10ರಂದು. 2016ರ ತಿದ್ದುಪಡಿಯಿಂದ 14 ತುಂಬದವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ತಪ್ಪಿದರೆ 6 ತಿಂಗಳಿಂದ 2 ವರ್ಷ ಸೆರೆ, ಇಲ್ಲವೆ 20,000ದಿಂದ 50,000 ರೂಪಾಯಿ ದಂಡ, ಅಥವಾ ಎರಡೂ. ಆದರೆ ಶಾಲೆ ಬಿಟ್ಟ ಹೊತ್ತಿನಲ್ಲಿ, ಅಪಾಯವಿಲ್ಲದ ಮನೆಕಸುಬಿಗೆ ಮಗು ನೆರವಾಗಬಹುದೆಂಬ ಒಂದು ಕಿಂಡಿಯಿದೆ. ಅಧಿಕಾರಿ ಬಂದಾಗ ಕೂಲಿಯ ಹುಡುಗನೂ ಮಾಲೀಕರಿಗೆ ‘ಅಣ್ಣನ ಮಗ’ನಾಗುತ್ತಾನೆ. ಎಂತಹ ವಾತ್ಸಲ್ಯ ನೋಡಿರಿ!

‘ಆ ಅಂಗಡಿಯ ಚಹಾ ಕುಡಿಯುವುದಿಲ್ಲ’ ಎಂದು ನೀವು ಎದ್ದು ಬಂದರೆ, ಹುಡುಗ ಸಂಜೆಗೆ ಇನ್ನೊಂದು ಅಂಗಡಿಯಲ್ಲಿರುತ್ತಾನೆ. ಮೊದಲು ಅವನ ಹೆಸರು ಕೇಳಿರಿ, ಊರು ಕೇಳಿರಿ. ಹಿರಿಯರಿಗೆ ತಿಳಿಸಿ 1098ಕ್ಕೆ ಫೋನು ಮಾಡಿಸಿರಿ. ಬಾಕಿ ಸಂಬಳ ಕೊಡಿಸುವ ಜಗಳ ನಮ್ಮ ಸಂಘಕ್ಕಿರಲಿ. 2009ರ ಶಿಕ್ಷಣ ಹಕ್ಕಿನ ಕಾಯಿದೆಯಂತೆ 6ರಿಂದ 14 ವರ್ಷದವನನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಂಡು, ಹಿಂದುಳಿದ ಪಾಠವನ್ನು ವಿಶೇಷವಾಗಿ ಕಲಿಸಬೇಕು. ಕನ್ನಡ ಬಿಟ್ಟು ಬೇರೆ ಅರಿಯದ ಹುಡುಗ ಇಲ್ಲಿಯ ಮರಾಠಿ ಶಾಲೆಯಲ್ಲಿ ಮೂಕನಂತೆ ಕೂತು, ತಿಂಗಳೊಳಗೆ ಮತ್ತೆ ಗ್ಲಾಸಿನ ಬಳಿಗೆ ಓಡಿಬರುತ್ತಾನೆ. ಎರಡೂ ಭಾಷೆ ಬಲ್ಲವರು ನೀವು. ಬುಧವಾರ, ಶನಿವಾರ ಸಂಜೆ ಸಂಘದ ಕೋಣೆಯಲ್ಲಿ ಇಂತಹ ನಾಲ್ವರು ಹುಡುಗರಿಗೆ ಪಾಠ ನಡೆಯುತ್ತದೆ, ಲೆಕ್ಕ ಹೇಳಿಕೊಡುವವರಿಲ್ಲ. ಬರುವ ಮನಸ್ಸಿದ್ದವರು ಸಭೆ ಮುಗಿದ ಮೇಲೆ ನನ್ನಲ್ಲಿ ಹೆಸರು ಬರೆಸಿರಿ.