ಕರಗಿದ ಪಟ್ಟಿಯ ಪಯಣ

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಲ್ಲಿ ಕರಗಿದ ಕಬ್ಬಿಣದ ಮೇಲೆ ತೇಲುವ ಕಿಟ್ಟವನ್ನು ತೆಗೆದುಹಾಕುತ್ತಾರೆ. ಖಾನಾಪುರದ ಕುಂಬಾರರೂ ಮಣ್ಣಿನ ಹರಳು ಆರಿಸಿಯೇ ತಿಗರಿಗೆ ಇಡುವುದು. ಆದರೆ ಕಣ್ಣಿಗೇ ಕಾಣದ, ಕೋಟಿಗೊಂದು ಪರಮಾಣುವಿನಷ್ಟು ಕಲ್ಮಶವನ್ನು ತೆಗೆಯುವುದು ಹೇಗೆ?

1950ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ವಿಲಿಯಂ ಫಾನ್ ದಾರಿ ತೋರಿದರು. ಜರ್ಮೇನಿಯಂ ಸರಳಿನ ಕಿರಿದಾದ ಪಟ್ಟಿಯೊಂದನ್ನಷ್ಟೇ ಕರಗಿಸಿ, ಆ ಕರಗಿದ ಪಟ್ಟಿಯನ್ನು ತುದಿಯಿಂದ ತುದಿಗೆ ನಿಧಾನವಾಗಿ ಸರಿಸುವುದು. ಹಿಂದಿನ ಭಾಗ ಶುದ್ಧವಾಗುತ್ತ ಗಟ್ಟಿಯಾಗುತ್ತದೆ. ಬಹುತೇಕ ಕಲ್ಮಶಗಳು ದ್ರವದಲ್ಲೇ ಉಳಿದು ಮುಂದೆ ಸಾಗುತ್ತವೆ. ಪಟ್ಟಿಯ ಅಗಲ, ಉಷ್ಣತೆ, ವೇಗ ಎಲ್ಲದರ ಮೇಲೂ ಕಣ್ಣಿಟ್ಟಿರಬೇಕು. ಅವಸರಿಸಿದರೆ ಕಲ್ಮಶ ಗಟ್ಟಿಯೊಳಗೇ ಸಿಕ್ಕಿಬೀಳುತ್ತದೆ. ಹಲವು ಸಲ ಹಾಯಿಸಿದ ಮೇಲೆ ಕೊನೆಯ ತುದಿಯನ್ನು ಕತ್ತರಿಸಿ ತೆಗೆಯುತ್ತಾರೆ. ಹೀಗೆ ಶುದ್ಧಗೊಂಡ ಜರ್ಮೇನಿಯಂ ಆ ಕಾಲದ ಟ್ರಾನ್ಸಿಸ್ಟರ್‌ಗಳಿಗೆ ಬಳಕೆಯಾಯಿತು.