ಖಾಕಿಯ ನೆನಪು: ಗೋಪಿನಾಥಂನಿಂದ ಮೀಣ್ಯಂವರೆಗೆ

(ಪೊಲೀಸ್ ಹುತಾತ್ಮರ ದಿನದಂದು ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಅಕ್ಟೋಬರ್ 21 ನಮ್ಮ ದೇಶದ ಪೊಲೀಸರ ಪಾಲಿಗೆ ಹುತಾತ್ಮರ ದಿನ. 1959ರಲ್ಲಿ ಅಂದು ಲಡಾಖಿನ ಹಾಟ್ ಸ್ಪ್ರಿಂಗ್ಸ್ ಎಂಬಲ್ಲಿ ಕಾಣೆಯಾದ ತಮ್ಮ ಸಂಗಡಿಗರನ್ನು ಹುಡುಕುತ್ತ ಹೊರಟಿದ್ದ ಪೊಲೀಸರ ತಂಡದ ಮೇಲೆ ಚೀನಾ ಸೈನಿಕರು ಗುಂಡಿನ ಮಳೆಗರೆದರು. ಕೇಂದ್ರ ಮೀಸಲು ಪೊಲೀಸ್ ಪಡೆಯ ಹತ್ತು ಮಂದಿ ಮಡಿದರು. ಅಂದಿನಿಂದ ಪ್ರತಿವರ್ಷ ಈ ದಿನ ಜಿಲ್ಲಾಕೇಂದ್ರಗಳಲ್ಲಿ ಕವಾಯತು ನಡೆಯುತ್ತದೆ. ಹಿಂದಿನ ಸೆಪ್ಟೆಂಬರ್‌ನಿಂದ ಆಗಸ್ಟ್‌ವರೆಗೆ ಕರ್ತವ್ಯದಲ್ಲಿ ಪ್ರಾಣ ತೆತ್ತವರ ಹೆಸರುಗಳನ್ನು ಒಂದೊಂದಾಗಿ ಓದುತ್ತಾರೆ. 2018ರಲ್ಲಿ ಇದೇ ದಿನ ದೆಹಲಿಯ ಚಾಣಕ್ಯಪುರಿಯಲ್ಲಿ ರಾಷ್ಟ್ರೀಯ ಪೊಲೀಸ್ ಸ್ಮಾರಕದ ಉದ್ಘಾಟನೆಯಾಯಿತು. ಸ್ವಾತಂತ್ರ್ಯಾನಂತರ ಮಡಿದ 34 ಸಾವಿರಕ್ಕೂ ಹೆಚ್ಚು ಪೊಲೀಸರ ಹೆಸರುಗಳನ್ನು ಅಲ್ಲಿಯ ಗೋಡೆಯಲ್ಲಿ ಕೆತ್ತಿಸಲಾಗಿದೆ.

ಪರಿಸರದ ಕೆಲಸ ಮಾಡುವ ನಾವು, ಅದೂ ಕಾಡಂಚಿನ ಊರಿನಲ್ಲಿ, ಪೊಲೀಸರ ದಿನವನ್ನು ಏಕೆ ಆಚರಿಸಬೇಕೆಂದು ಕೆಲವರು ಕೇಳಿದ್ದಾರೆ. ಆ ಪ್ರಶ್ನೆಯನ್ನು ಬದಿಗೆ ಸರಿಸುವುದು ಸರಿಯಲ್ಲ. ಖಾಕಿ ತೊಟ್ಟವರನ್ನು ಕಂಡರೆ ಬೆಟ್ಟದ ಜನರಿಗೆ ಅಷ್ಟೇನೂ ಪ್ರೀತಿಯಿಲ್ಲ. ಸೊಪ್ಪು ತಂದರೆ ತಕರಾರು, ಕಟ್ಟಿಗೆ ತಂದರೆ ದಂಡ, ಅಜ್ಜನ ಕಾಲದಿಂದ ಉಳುತ್ತ ಬಂದ ಜಮೀನಿಗೆ ಒತ್ತುವರಿಯ ನೋಟಿಸು. ಪೊಲೀಸರ ಖಾಕಿಗೂ ಅರಣ್ಯ ಇಲಾಖೆಯ ಖಾಕಿಗೂ ನಮ್ಮ ಅಜ್ಜಿಯರು ಭೇದವೆಣಿಸಿದವರಲ್ಲ. ಎರಡನ್ನು ಕಂಡರೂ ಬಾಗಿಲು ಮುಂದೆ ಮಾಡಿ ಒಳಗೆ ಸರಿಯುತ್ತಿದ್ದರು. ಈ ಅಸಮಾಧಾನವನ್ನು ಇಟ್ಟುಕೊಂಡೇ ನಾನು ಮೂವರು ಖಾಕಿಧಾರಿಗಳ ವಿಷಯವನ್ನು ತಮ್ಮ ಮುಂದಿಡಲು ಬಯಸುತ್ತೇನೆ. ಇಬ್ಬರು ಪೊಲೀಸ್ ಅಧಿಕಾರಿಗಳು, ಒಬ್ಬರು ಅರಣ್ಯಾಧಿಕಾರಿ. ಮೂವರೂ ಒಂಬತ್ತು ತಿಂಗಳ ಅಂತರದಲ್ಲಿ, ಮಲೆ ಮಹದೇಶ್ವರ ಬೆಟ್ಟದ ಸುತ್ತಣ ಕಾಡಿನಲ್ಲಿ, ಒಂದೇ ತಂಡದ ಕೈಯಲ್ಲಿ ಹತರಾದರು. ಅರಣ್ಯಾಧಿಕಾರಿಯನ್ನು ಪೊಲೀಸರ ದಿನದಂದು ನೆನೆಯುವುದು ನಿಯಮಕ್ಕೆ ಹೊಂದದಿರಬಹುದು. ಆದರೆ ಅವರನ್ನು ಬಿಟ್ಟು ಉಳಿದಿಬ್ಬರ ಕಥೆಯನ್ನು ಹೇಳಲು ಬರುವುದಿಲ್ಲ.

ವೀರಪ್ಪನ್ ಹೆಸರನ್ನು ಇಲ್ಲಿ ಕೂತಿರುವ ಮಕ್ಕಳೂ ಬಲ್ಲರು. ಅವನ ಮೀಸೆಯ ಚಿತ್ರವನ್ನು ನೋಡದವರಿಲ್ಲ. ಅವನ ಮೇಲೆ ಚಲನಚಿತ್ರಗಳು ಬಂದವು, ಧಾರಾವಾಹಿಗಳು ಬಂದವು. 2000ದ ಜುಲೈ 30ರಂದು ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅವರನ್ನು ಒಯ್ದು 108 ದಿನ ಇರಿಸಿಕೊಂಡದ್ದು ನಾಡಿನ ಪ್ರತಿ ಮನೆಯ ನೆನಪಿನಲ್ಲಿದೆ. ಕೊಂದವನ ವಿಷಯ ಇಷ್ಟು ತಿಳಿದಿರುವ ನಾಡಿನಲ್ಲಿ ಹತರಾದವರ ಹೆಸರನ್ನು ಕೇಳಿದರೆ ಎಷ್ಟು ಮಂದಿ ಹೇಳಿಯಾರು?

ಮೊದಲು ಆ ಕಾಡಿನ ಎರಡು ಸಂಪತ್ತುಗಳ ಮಾತು. ಶ್ರೀಗಂಧವು ವಿಚಿತ್ರ ಮರ. ತನ್ನ ಬೇರನ್ನು ನೆರೆಯ ಗಿಡದ ಬೇರಿಗೆ ತಗುಲಿಸಿ ಆಹಾರದ ಒಂದು ಪಾಲನ್ನು ಅಲ್ಲಿಂದ ಪಡೆಯುತ್ತದೆ. ಸುವಾಸನೆ ಇರುವುದು ಅದರ ಒಳತಿರುಳಿನಲ್ಲಿ. ತಿರುಳು ಕೂಡಲಾರಂಭಿಸುವುದಕ್ಕೇ ಹತ್ತಾರು ವರ್ಷ ಬೇಕು, ಬಲಿಯುವುದಕ್ಕೆ ಇನ್ನೂ ಹೆಚ್ಚು. ಎಣ್ಣೆಯ ಅಂಶ ಬೇರಿನಲ್ಲಿ ಅಧಿಕವಾದುದರಿಂದ ಕಳ್ಳನು ಮರವನ್ನು ಕಡಿಯುವುದಷ್ಟೇ ಅಲ್ಲ, ಬುಡಸಹಿತ ಅಗೆದು ಒಯ್ಯುತ್ತಾನೆ. ಆನೆಯದು ಬೇರೆ ಬಗೆ. ನಮ್ಮ ಆನೆಗಳಲ್ಲಿ ಉದ್ದನೆಯ ದಂತವಿರುವುದು ಗಂಡಿಗೆ ಮಾತ್ರ. ದಂತಕ್ಕಾಗಿ ಕೊಲ್ಲತೊಡಗಿದರೆ ಸಾಯುವುದು ಗಂಡಾನೆಗಳೇ. ಹಿಂಡಿನ ಎಣಿಕೆ ಮೇಲುನೋಟಕ್ಕೆ ಅಷ್ಟೊಂದು ಕುಗ್ಗಿದಂತೆ ಕಾಣದಿದ್ದರೂ ಗಂಡು ಹೆಣ್ಣುಗಳ ಪ್ರಮಾಣ ಕೆಟ್ಟು ಸಂತತಿಯೇ ಸೊರಗುತ್ತದೆ. ವೀರಪ್ಪನ್ ತಂಡ ಮೊದಲು ಕೈಹಾಕಿದ್ದು ದಂತಕ್ಕೆ, ಆಮೇಲೆ ಗಂಧಕ್ಕೆ.

ಇಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ಗಂಧದ ಮರ ಆಗ ರೈತನ ಹೊಲದಲ್ಲಿ ಬೆಳೆದರೂ ಸರ್ಕಾರದ ಸೊತ್ತಾಗಿತ್ತು. ಮರ ಉಳಿದರೆ ರೈತನಿಗೆ ದೊರೆಯುವುದು ಅಲ್ಪ. ಕಳುವಾದರೆ ಮೊಕದ್ದಮೆಯ ಭಯ ಮಾತ್ರ ಪೂರ್ತಿಯಾಗಿ ಅವನ ಪಾಲಿಗೆ. ಗಂಧದ ಸಸಿ ಕಂಡರೆ ಕಿತ್ತೆಸೆಯುತ್ತಿದ್ದ ರೈತರನ್ನು ನಮ್ಮ ಹಿರಿಯರು ಬಲ್ಲರು. ರಾಜ್ಯದ ಅರಣ್ಯ ಕಾಯಿದೆಗೆ 2001ರಲ್ಲಿ ತಿದ್ದುಪಡಿಯಾಗಿ ಹೊಲದ ಒಡೆಯನೇ ಮರದ ಒಡೆಯನಾದ. ಅಷ್ಟು ಹೊತ್ತಿಗೆ ಕಾಡಿನ ಗಂಧ ಬಹುಪಾಲು ಬರಿದಾಗಿತ್ತು. ಜನಕ್ಕೆ ಪಾಲಿಲ್ಲದ ಸಂಪತ್ತನ್ನು ಕಾಯಲು ಬಂದೂಕು ಹಿಡಿದ ಬೆರಳೆಣಿಕೆಯ ಮಂದಿಯನ್ನು ಕಾಡಿಗೆ ಕಳುಹಿಸಿದ ಕಾಲವದು.

ಹಾಗೆ ಹೋದವರಲ್ಲಿ ಒಬ್ಬರು ಪಿ. ಶ್ರೀನಿವಾಸ್. ಹುಟ್ಟಿದ್ದು 1954ರಲ್ಲಿ, ಆಂಧ್ರದ ರಾಜಮಹೇಂದ್ರಿಯಲ್ಲಿ. ಭಾರತೀಯ ಅರಣ್ಯ ಸೇವೆಗೆ ಸೇರಿ ಕರ್ನಾಟಕಕ್ಕೆ ಬಂದವರು. ವೀರಪ್ಪನ್ 1986ರಲ್ಲಿ ಒಮ್ಮೆ ಸೆರೆಸಿಕ್ಕಿ ಬೂದಿಪಡಗದ ಅರಣ್ಯ ಅತಿಥಿಗೃಹದಿಂದ ತಪ್ಪಿಸಿಕೊಂಡ ಮೇಲೆ ಅವನನ್ನು ಮತ್ತೆ ಹಿಡಿಯುವ ಕೆಲಸ ವರ್ಷ ವರ್ಷಕ್ಕೂ ಕಠಿಣವಾಗುತ್ತ ಹೋಯಿತು. ಶ್ರೀನಿವಾಸರು ಹಿಡಿದ ದಾರಿ ಬೇರೆಯವರಿಗೆ ತೋಚದಿದ್ದ ದಾರಿ. ಅವರು ವೀರಪ್ಪನ್‌ನ ಹುಟ್ಟೂರಾದ ಗೋಪಿನಾಥಂನಲ್ಲಿಯೇ ನೆಲೆಯೂರಿದರು. ತಮಿಳುನಾಡಿನ ಗಡಿಗೆ ಅಂಟಿಕೊಂಡ ಆ ಊರು ಆಗ ಮೈಸೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕಿನಲ್ಲಿತ್ತು; ಈಗ ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನಲ್ಲಿದೆ. ಊರಿಗೆ ಕುಡಿಯುವ ನೀರು ಬರುವಂತೆ ಮಾಡಿದರು. ಕಾಯಿಲೆಯವರಿಗೆ ಔಷಧಿ ಒದಗಿಸಿದರು. ಊರವರ ಮಾರಿಯಮ್ಮನ ಗುಡಿಯನ್ನು ಕಟ್ಟಿಸಿದರು. ತಂಡದೊಡನೆ ಸೇರಿದ್ದ ಹುಡುಗರ ಮನೆಯವರೊಡನೆ ಮಾತನಾಡಿ, ಕೆಲವರು ಶರಣಾಗುವಂತೆಯೂ ಮಾಡಿದರು.

ಸ್ವಲ್ಪ ಯೋಚಿಸಿ. ಊರಿಗೆ ಊರೇ ಕಳ್ಳನ ಬಂಧುಬಳಗವೆಂದು ಇಲಾಖೆ ಬಗೆದಿದ್ದ ಹಳ್ಳಿಯದು. ಆ ಹಳ್ಳಿಯ ಜನ ಮೂಲತಃ ಕಾಡಿನ ಶತ್ರುಗಳಲ್ಲ, ದಾರಿಯಿಲ್ಲದೆ ಗಂಧ ಹೊತ್ತವರು ಎಂದು ಒಬ್ಬ ಅಧಿಕಾರಿ ನಂಬಿದರು. ನಂಬಿಕೆಯನ್ನು ಮಾತಿನಲ್ಲಿ ಹೇಳುವುದು ಸುಲಭ, ಈ ಸಭೆಯಲ್ಲಿ ನಾನೂ ಹೇಳಬಲ್ಲೆ. ಅವರು ಅದನ್ನು ನಂಬಿ ಅಲ್ಲಿ ಬದುಕಿದರು.

ಆ ನಂಬಿಕೆಯನ್ನೇ ಹಂತಕರು ಬಲೆಯಾಗಿಸಿದರು. ವೀರಪ್ಪನ್ ಶರಣಾಗಲು ಸಿದ್ಧನಿದ್ದಾನೆಂದು ಅವನ ತಮ್ಮ ಅರ್ಜುನನ್ ಮೂಲಕ ಸುದ್ದಿ ಬಂದಿತು. 1991ರ ನವೆಂಬರ್ 10ರಂದು ಶ್ರೀನಿವಾಸರು ಆಯುಧವಿಲ್ಲದೆ ಕಾಡಿನೊಳಗೆ ನಡೆದುಹೋದರು. ಅಲ್ಲಿ ಅವರನ್ನು ಕೊಂದರು. ಕೊಂದ ಬಗೆಯನ್ನು ಮಕ್ಕಳ ಮುಂದೆ ವಿವರಿಸಲಾರೆ. ಅವರಿಗೆ ಆಗ 37 ವರ್ಷ. ಶಾಂತಿಕಾಲದ ಶೌರ್ಯಕ್ಕೆ ಕೊಡುವ ಎರಡನೆಯ ಅತ್ಯುನ್ನತ ಪದಕವಾದ ಕೀರ್ತಿಚಕ್ರವನ್ನು 1992ರಲ್ಲಿ ಮರಣೋತ್ತರವಾಗಿ ನೀಡಲಾಯಿತು.

ಮುಂದಿನ ವರ್ಷ ಪೊಲೀಸರ ಸರದಿ. 1992ರ ಮೇ ತಿಂಗಳಲ್ಲಿ ರಾಮಾಪುರದ ಠಾಣೆಯ ಮೇಲೆಯೇ ರಾತ್ರಿ ದಾಳಿ ನಡೆದು ಐವರು ಪೊಲೀಸರು ಹತರಾದರು. ಠಾಣೆಯ ಬಂದೂಕುಗಳನ್ನು ಕೊಂಡೊಯ್ದರು. ಸ್ವಾತಂತ್ರ್ಯ ದಿನದ ಹಿಂದಿನ ದಿನ, ಆಗಸ್ಟ್ 14ರಂದು, ಮೈಸೂರಿನ ಪೊಲೀಸ್ ವರಿಷ್ಠಾಧಿಕಾರಿ ಟಿ. ಹರಿಕೃಷ್ಣ ಮತ್ತು ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಅವರು ಮಾಹಿತಿದಾರನೊಬ್ಬನ ಮಾತನ್ನು ನಂಬಿ ಮೀಣ್ಯಂ ಕಡೆಗೆ ಹೋದಾಗ ಹಾದಿಯಲ್ಲಿ ಹೊಂಚುಹಾಕಿ ಕುಳಿತಿದ್ದವರ ಗುಂಡಿಗೆ ತುತ್ತಾದರು. ಅವರೊಡನಿದ್ದ ಪೊಲೀಸರೂ ಮಡಿದರು. ಜಿಲ್ಲೆಯ ಪೊಲೀಸರ ಮುಖ್ಯಸ್ಥನೇ ಸ್ವತಃ ಮುಂದೆ ನಿಂತು ಕಾಡಿಗೆ ಹೋಗಬೇಕಾದ ಅಗತ್ಯವಿತ್ತೇ ಎಂದು ಆಗ ಕೆಲವರು ಕೇಳಿದ್ದುಂಟು. ಕೈಕೆಳಗಿನವರನ್ನು ಕಳುಹಿಸಿ ತಾವು ಕಚೇರಿಯಲ್ಲಿ ಉಳಿಯುವುದೇ ರೂಢಿಯಾದಲ್ಲಿ ಅಂಥ ಪ್ರಶ್ನೆ ಹುಟ್ಟುವುದು ಸಹಜ. ಹರಿಕೃಷ್ಣರು ಆ ರೂಢಿಯವರಾಗಿರಲಿಲ್ಲ.

ಮೂರನೆಯ ಘಟನೆಯನ್ನೂ ಹೇಳಿಬಿಡುತ್ತೇನೆ. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬು ಸಿಡಿದು 22 ಮಂದಿ ಸತ್ತರು. ಸತ್ತವರಲ್ಲಿ ಪೊಲೀಸರಿದ್ದರು, ಅರಣ್ಯದ ಕಾವಲುಗಾರರಿದ್ದರು. ಜೊತೆಗೆ ಪೊಲೀಸರಿಗೆ ದಾರಿ ತೋರಿಸಿ ಸುದ್ದಿ ತಿಳಿಸುತ್ತಿದ್ದ ಹಳ್ಳಿಗರೂ ಇದ್ದರು. ಪೊಲೀಸರ ಹೆಸರುಗಳಿಗೆ ಗೋಡೆಯಿದೆ. ಆ ಹಳ್ಳಿಗರು ಸಮವಸ್ತ್ರ ತೊಟ್ಟವರಲ್ಲ, ಸಂಬಳದ ಪಟ್ಟಿಯಲ್ಲಿದ್ದವರಲ್ಲ. ಅವರ ಹೆಸರನ್ನು ಯಾವ ಕವಾಯತಿನಲ್ಲಿ ಓದಬೇಕು?

ಇನ್ನು ಹೇಳಬೇಕಾದುದು ಕಹಿಯಾದ ಮಾತು. ಗೋಪಿನಾಥಂನಲ್ಲಿ ಶ್ರೀನಿವಾಸರು ತೋರಿದ ದಾರಿಯನ್ನು ಅವರ ಸಾವಿನ ನಂತರ ಸರ್ಕಾರ ಕೈಬಿಟ್ಟಿತು. ಎರಡು ರಾಜ್ಯಗಳ ವಿಶೇಷ ಕಾರ್ಯಾಚರಣೆ ಪಡೆಗಳು ಕಾಡನ್ನು ಸೋಸಿದವು. ವೀರಪ್ಪನ್‌ಗೆ ಅಕ್ಕಿ ಕೊಟ್ಟರೆಂದು, ದಾರಿ ತೋರಿದರೆಂದು, ಕೆಲವೆಡೆ ಯಾವ ಕಾರಣವೂ ಇಲ್ಲದೆ, ಸೋಲಿಗರನ್ನೂ ಗಡಿಯ ಹಳ್ಳಿಗಳ ಬಡವರನ್ನೂ ಹಿಡಿದೊಯ್ದರು. ಟಾಡಾ ಕಾಯಿದೆಯಡಿ ನೂರಕ್ಕೂ ಹೆಚ್ಚು ಮಂದಿ ಮೈಸೂರಿನ ಸೆರೆಮನೆಯಲ್ಲಿ ವರ್ಷಗಟ್ಟಲೆ ಕೊಳೆತರು; 2001ರಲ್ಲಿ ತೀರ್ಪು ಬಂದಾಗ ಅವರಲ್ಲಿ ಬಹುಪಾಲು ಜನ ನಿರಪರಾಧಿಗಳೆಂದು ಹೊರಬಂದರು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ನೇತೃತ್ವದಲ್ಲಿ ವಿಚಾರಣೆ ನಡೆಸಿತು. ಸಮಿತಿಯ ವರದಿ ಬಂದುದು 2003ರಲ್ಲಿ; 89 ಮಂದಿಗೆ ಒಟ್ಟು 2 ಕೋಟಿ 80 ಲಕ್ಷ ರೂಪಾಯಿ ಪರಿಹಾರ ನೀಡಬೇಕೆಂದು ಆಯೋಗ ಶಿಫಾರಸು ಮಾಡಿದ್ದು 2007ರಲ್ಲಿ. ಅಷ್ಟರಲ್ಲಿ ವೀರಪ್ಪನ್ ಸತ್ತು ಎರಡು ವರ್ಷ ಕಳೆದಿತ್ತು. 2004ರ ಅಕ್ಟೋಬರ್ 18ರಂದು ಧರ್ಮಪುರಿ ಜಿಲ್ಲೆಯ ಪಾಪರಪಟ್ಟಿಯ ಬಳಿ ಅವನನ್ನು ಕೊಂದದ್ದು ತಮಗೆ ನೆನಪಿರಬಹುದು.

ಹುತಾತ್ಮರ ದಿನದಂದು ಇದನ್ನು ಎತ್ತುವುದು ಅಗೌರವವೆಂದು ಭಾವಿಸುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಹರಿಕೃಷ್ಣ, ಶಕೀಲ್ ಅಹಮದ್ ಅವರ ತ್ಯಾಗದ ಹೆಸರಿನಲ್ಲಿ ಸೋಲಿಗರ ಹುಡುಗನ ಮೇಲೆ ಲಾಠಿ ಬೀಸಿದ್ದರೆ, ಆ ತ್ಯಾಗವನ್ನು ಕೆಡಿಸಿದವರು ಲಾಠಿ ಬೀಸಿದವರು, ಅದನ್ನು ಹೇಳುವವರಲ್ಲ. ಹಾಗೆಯೇ, ಲಾಠಿಯ ಕಥೆ ಹೇಳುವ ಭರದಲ್ಲಿ ಮೀಣ್ಯಂ ಹಾದಿಯಲ್ಲಿ ಸತ್ತವರನ್ನು ಮರೆತು ಕಾಡುಗಳ್ಳನನ್ನು ಬಡವರ ಬಂಧುವೆಂದು ಹಾಡಿ ಹೊಗಳುವವರ ಮಾತನ್ನೂ ನಾನು ಒಪ್ಪಲಾರೆ. ಅವನ ಗುಂಡಿಗೆ ಸತ್ತವರಲ್ಲಿ ಹೆಚ್ಚಿನವರು ದೊಡ್ಡ ಅಧಿಕಾರಿಗಳೇನಲ್ಲ. ಸಾಮಾನ್ಯ ಪೇದೆಗಳು, ವಾಚರ್‌ಗಳು, ಹಳ್ಳಿಯ ಬಡವರು.

ವಾಚರ್‌ಗಳ ಮಾತು ಬಂದುದರಿಂದ ನಮ್ಮ ಕಾಲಕ್ಕೆ ಬರೋಣ. ವೀರಪ್ಪನ್ ಹೋದ ಮೇಲೆ ಆ ಕಾಡು ಸಾವರಿಸಿಕೊಂಡಿತು; 2013ರಲ್ಲಿ ಮಲೆ ಮಹದೇಶ್ವರ ವನ್ಯಜೀವಿಧಾಮದ ಘೋಷಣೆಯಾಯಿತು. ಆದರೆ ಕಾಡು ಕಾಯುವವರ ಸಾವು ನಿಂತಿಲ್ಲ. 2017ರ ಫೆಬ್ರವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಕಾಡ್ಗಿಚ್ಚು ನಂದಿಸಲು ಹೋದ ಅರಣ್ಯ ರಕ್ಷಕರೊಬ್ಬರು ಬೆಂಕಿಯಲ್ಲಿಯೇ ಪ್ರಾಣಬಿಟ್ಟರು. 2018ರ ಮಾರ್ಚ್‌ನಲ್ಲಿ ನಾಗರಹೊಳೆಯ ಕ್ಷೇತ್ರ ನಿರ್ದೇಶಕರಾಗಿದ್ದ ಎಸ್. ಮಣಿಕಂದನ್ ಆನೆಯ ದಾಳಿಯಲ್ಲಿ ತೀರಿಕೊಂಡರು. ಕೈಯಲ್ಲಿ ಹಸಿ ಸೊಪ್ಪಿನ ಕೊಂಬೆ ಹಿಡಿದು ಬೆಂಕಿಯನ್ನು ಬಡಿಯುವ ನಮ್ಮೂರಿನ ಹುಡುಗರನ್ನು ತಾವೆಲ್ಲ ನೋಡಿದ್ದೀರಿ. ಬೇಸಿಗೆಯ ಮೂರು ತಿಂಗಳು ದಿನಗೂಲಿ. ಮಳೆ ಬಿದ್ದೊಡನೆ ಕೆಲಸವಿಲ್ಲ. ಅವರ ಕಾಲಿಗೆ ತಕ್ಕ ಬೂಟಿದೆಯೇ, ವಿಮೆಯಿದೆಯೇ, ಸತ್ತರೆ ಮನೆಯವರಿಗೆ ಖಾಯಂ ನೌಕರನಿಗೆ ದೊರೆಯುವಷ್ಟು ದೊರೆಯುವುದೇ ಎಂಬುದನ್ನು ಇಲಾಖೆಯವರನ್ನು ಕೇಳುವ ಹಕ್ಕು ಗ್ರಾಮಸಭೆಗೆ ಇದೆ. ಬರುವ ಗ್ರಾಮಸಭೆಯಲ್ಲಿ ಕೇಳೋಣ.

ಗೋಪಿನಾಥಂನಲ್ಲಿ ಇಂದು ಶ್ರೀನಿವಾಸರ ಸ್ಮಾರಕವಿದೆ. ಅವರು ಬಳಸುತ್ತಿದ್ದ ಜೀಪನ್ನು ದುರಸ್ತಿ ಮಾಡಿ ಅಲ್ಲಿ ಇರಿಸಿದ್ದಾರೆ. ಇಲಾಖೆಯವರು ಮಾಡಿದ್ದು ಅದು. ಊರವರು ಮಾಡಿದ್ದು ಬೇರೆ: ಅವರು ಕಟ್ಟಿಸಿಕೊಟ್ಟ ಮಾರಿಯಮ್ಮನ ಗುಡಿಯಲ್ಲಿ ಅವರ ಭಾವಚಿತ್ರವನ್ನು ಇಟ್ಟುಕೊಂಡಿದ್ದಾರೆ. ಅದು ವೀರಪ್ಪನ್ ಹುಟ್ಟಿದ ಊರೆಂಬುದನ್ನು ಮತ್ತೊಮ್ಮೆ ನೆನಪಿಸುತ್ತೇನೆ.

ವಿದ್ಯಾರ್ಥಿ ಮಿತ್ರರಲ್ಲಿ ಒಂದು ಕೋರಿಕೆ. ಶ್ರೀನಿವಾಸರು ತೀರಿಕೊಂಡ ನವೆಂಬರ್ 10ಕ್ಕೆ ಇನ್ನು ಮೂರು ವಾರವಿದೆ. ಅಷ್ಟರೊಳಗೆ ನಮ್ಮ ವಲಯದಲ್ಲಿ ಕಾಡು ಕಾಯುತ್ತ ಸತ್ತವರು, ಅಂಗವಿಕಲರಾದವರು ಯಾರು ಯಾರೆಂದು ಮನೆಮನೆಗೆ ಹೋಗಿ ಕೇಳಿ ಬರೆದುಕೊಳ್ಳಿ. ಪೊಲೀಸರಿರಲಿ, ಗಾರ್ಡಿರಲಿ, ದಿನಗೂಲಿಯವನಿರಲಿ. ಹೆಸರು, ಊರು, ಕೆಲಸಕ್ಕೆ ಸೇರಿದ ವರ್ಷ, ಏನಾಯಿತು, ಮನೆಯವರು ಈಗ ಹೇಗಿದ್ದಾರೆ ಎಂಬಷ್ಟನ್ನು ಬರೆದರೆ ಸಾಕು. ಪೊಲೀಸರಿಂದಲೋ ಅರಣ್ಯದವರಿಂದಲೋ ಅನ್ಯಾಯಕ್ಕೊಳಗಾದವರು ಹೇಳಲು ಬಯಸಿದರೆ ಅವರ ಮಾತಿಗೂ ಅದೇ ಪುಸ್ತಕದಲ್ಲಿ ಕೆಲವು ಹಾಳೆಗಳನ್ನು ಬಿಡಿ. ನವೆಂಬರ್ 10ರ ಸಂಜೆ ಇದೇ ಜಾಗದಲ್ಲಿ ಸೇರಿ ಅದನ್ನು ಓದೋಣ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಂತು ಎರಡು ನಿಮಿಷ ಮೌನ ಆಚರಿಸಬೇಕಾಗಿ ವಿನಂತಿ.