ಎಂಟೆಕ್ ಆದ ಮೇಲೆ ಹೊಲಿಗೆ ಕ್ಲಾಸು

ಪುಣೆಯಲ್ಲಿ ಭಾನುವಾರ ಬೆಳಗ್ಗೆ ಇಷ್ಟು ಜನ ಕನ್ನಡದವರು ಸಮಯಕ್ಕೆ ಸರಿಯಾಗಿ ಸೇರಿದ್ದೀರಿ ಅಂದ್ರೆ ಅದು ನನ್ನ ಭಾಷಣಕ್ಕಲ್ಲ, ತಿಂಡಿಗೆ ಅಂತ ಗೊತ್ತು. ಪರವಾಗಿಲ್ಲ, ನಾನೂ ತಿಂದೇ ಬಂದಿದ್ದೇನೆ.

ನಾನು ಸಾಫ್ಟ್‌ವೇರ್ ಎಂಜಿನಿಯರ್. ಕಂಪ್ಯೂಟರ್ ಸೈನ್ಸ್‌ನಲ್ಲಿ ಎಂಟೆಕ್. ಈಗ ಬಟ್ಟೆ ಅಂಗಡಿಗಳ ಸರಪಳಿಗಳು ಬಳಸುವ ಪ್ಲಾನಿಂಗ್ ಸಾಫ್ಟ್‌ವೇರ್ ಬರೆಯುವ ತಂಡದಲ್ಲಿದ್ದೇನೆ. ಈ ಕೆಲಸ ನನಗೆ ಸಿಕ್ಕಿದ್ದು ಎಂಟೆಕ್‌ನಿಂದ ಅಲ್ಲ. ಕ್ಯಾಲಿಫೋರ್ನಿಯಾದ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಫ್ಯಾಷನ್ ಮರ್ಚಂಡೈಸಿಂಗ್ ಮತ್ತು ಡಿಸೈನ್ ಓದಿದ್ದರಿಂದ. ಇವತ್ತು ಹೇಳೋದು ಆ ಓದಿನ ಬಗ್ಗೆ.

2017ರಲ್ಲಿ ಗಂಡನ ಎಚ್-1ಬಿ ಹಿಂದೆ ನನ್ನದು ಎಚ್-4. ಇಲ್ಲಿ ಕೂತಿರೋ ಎಷ್ಟೋ ಜನರಿಗೆ ಆ ಅಕ್ಷರದ ಅರ್ಥ ಗೊತ್ತಿದೆ. 2015ರಿಂದ ಕೆಲವು ಎಚ್-4 ಸಂಗಾತಿಗಳಿಗೆ ಕೆಲಸದ ಪರವಾನಗಿ ಸಿಗ್ತಿದೆ, ಆದರೆ ಗಂಡನ ಅಥವಾ ಹೆಂಡತಿಯ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿರಬೇಕು. ನಮ್ಮದು ಶುರುವೇ ಆಗಿರಲಿಲ್ಲ. ನಾಲ್ಕು ವರ್ಷ ಬೆಂಗಳೂರಲ್ಲಿ ಸಂಬಳ ತಗೊಂಡವಳಿಗೆ, ಬೆಳಗ್ಗೆ ಎಂಟಕ್ಕೆ ಬಾಗಿಲು ಹಾಕಿಕೊಂಡ ಮೇಲೆ ಸಂಜೆ ಆರರವರೆಗೆ ಮನೆ ಎಷ್ಟು ದೊಡ್ಡದಾಗಿ ಕಾಣುತ್ತೆ ಅಂತ ವಿವರಿಸೋಕೆ ಹೋಗಲ್ಲ. ಆ ವೀಸಾದಲ್ಲಿ ಕೆಲಸ ಮಾಡುವ ಹಾಗಿಲ್ಲ, ಓದಬಹುದು.

ಕಮ್ಯುನಿಟಿ ಕಾಲೇಜು ಅಂದ್ರೆ ನಮ್ಮಲ್ಲಿ ಏನೋ ಎರಡನೇ ದರ್ಜೆ ಅನ್ನೋ ಭಾವನೆ ಇದೆ. ಕ್ಯಾಲಿಫೋರ್ನಿಯಾದಲ್ಲಿ ಇಂಥ 116 ಸರ್ಕಾರಿ ಕಾಲೇಜುಗಳಿವೆ. ಪ್ರವೇಶ ಪರೀಕ್ಷೆ ಇಲ್ಲ, ವಯೋಮಿತಿ ಇಲ್ಲ. ಆ ರಾಜ್ಯದ ನಿವಾಸಿಯಾದರೆ ಯೂನಿಟ್ಟಿಗೆ 46 ಡಾಲರ್, ಅಂದ್ರೆ ಮೂರು ಯೂನಿಟ್ಟಿನ ಒಂದು ಕೋರ್ಸಿಗೆ 138 ಡಾಲರ್. ನಿವಾಸಿ ಅಲ್ಲದಿದ್ದರೆ ಅದರ ಎಷ್ಟೋ ಪಟ್ಟು. ಆದರೆ ಎಚ್-4ನವರು ಒಂದು ವರ್ಷ ಅಲ್ಲೇ ಇದ್ದು, ಅಲ್ಲೇ ನೆಲೆಸುವ ಉದ್ದೇಶಕ್ಕೆ ದಾಖಲೆ ತೋರಿಸಿದರೆ ಶುಲ್ಕದ ಮಟ್ಟಿಗೆ ನಿವಾಸಿ ಆಗಬಹುದು. ಎಫ್-1ನವರಿಗೆ ಈ ದಾರಿ ಇಲ್ಲ. ನಾನು 2018ರ ಶರತ್ಕಾಲದಲ್ಲಿ ಸೇರಿದೆ.

ಊರಿಗೆ ಫೋನ್ ಮಾಡಿ ಹೇಳಿದಾಗ ಅತ್ತೆ ಕೇಳಿದ್ದು ಒಂದೇ ಪ್ರಶ್ನೆ. ಎಂಟೆಕ್ ಮಾಡಿ ಕೊನೆಗೆ ಟೈಲರಿಂಗಾ? ಅವರ ಪ್ರಶ್ನೆಯಲ್ಲಿ ಕುಹಕ ಇರಲಿಲ್ಲ, ನಿಜವಾದ ಆತಂಕ ಇತ್ತು. ಹೊಲಿಗೆ ಮಿಷನ್ ತುಳಿದು ಮಗನನ್ನು ಎಂಜಿನಿಯರಿಂಗ್ ಓದಿಸಿದವರು ಅವರು.

ಮೊದಲ ಸೆಮಿಸ್ಟರಿನಲ್ಲಿ ಬಂದಿದ್ದು ಹೊಲಿಗೆ ಅಲ್ಲ, ಲೆಕ್ಕ. ಮರ್ಚಂಡೈಸಿಂಗ್ ಅಂದ್ರೆ ಯಾವ ಬಟ್ಟೆ, ಎಷ್ಟು, ಯಾವ ಬೆಲೆಗೆ, ಯಾವ ವಾರ, ಯಾವ ಅಂಗಡಿಗೆ ಅಂತ ತೀರ್ಮಾನಿಸೋದು. ಪಾಠ ಮಾಡುತ್ತಿದ್ದವರು ಹಿಂದೆ ಡಿಪಾರ್ಟ್‌ಮೆಂಟ್ ಸ್ಟೋರ್‌ನಲ್ಲಿ ಖರೀದಿದಾರರಾಗಿದ್ದವರು. ಪಿಪಿಟಿ ಇಲ್ಲ, ಒಂದು ಕ್ಯಾಲ್ಕುಲೇಟರ್ ಅಷ್ಟೇ.

600 ರೂಪಾಯಿಗೆ ತಂದ ಕುರ್ತಿಯನ್ನು 1,500ಕ್ಕೆ ಮಾರಿದರೆ ಮಾರ್ಕಪ್ ಎಷ್ಟು? ಇಲ್ಲಿರೋ ಎಂಜಿನಿಯರುಗಳೆಲ್ಲ 150 ಶೇಕಡಾ ಅಂತೀರಿ. ಬಟ್ಟೆ ವ್ಯಾಪಾರದಲ್ಲಿ ಅದು 60 ಶೇಕಡಾ, ಯಾಕಂದ್ರೆ ಅಲ್ಲಿ ಭಾಗಿಸುವುದು ಮಾರಾಟದ ಬೆಲೆಯಿಂದ. ಯಾಕೆ ಹಾಗೆ? ದಿನದ ಕೊನೆಯಲ್ಲಿ ಗಲ್ಲಾಪೆಟ್ಟಿಗೆಗೆ ಬರೋದು ಮಾರಾಟದ ಬೆಲೆ; ಬಾಡಿಗೆ, ಸಂಬಳ, ಕರೆಂಟು ಎಲ್ಲವನ್ನೂ ಅದರ ಪಾಲಾಗಿ ಲೆಕ್ಕ ಹಾಕಿದರೆ ಒಂದೇ ಅಳತೆಯಲ್ಲಿ ಹೋಲಿಸಬಹುದು. ಈಗ ಅದೇ ಕುರ್ತಿಗೆ 20 ಶೇಕಡಾ ರಿಯಾಯಿತಿ ಕೊಡಿ. ಬೆಲೆ 1,200. ರಿಯಾಯಿತಿ ಐದರಲ್ಲೊಂದು ಭಾಗ, ಆದರೆ ಉಳಿಕೆ 900ರಿಂದ 600ಕ್ಕೆ ಇಳಿದಿದೆ, ಮೂರರಲ್ಲೊಂದು ಭಾಗ ಹೋಯ್ತು. 40 ಶೇಕಡಾ ಅಂದ್ರೆ ಉಳಿಯೋದು 300. ಸೇಲ್ ಬೋರ್ಡಿನ ಹಿಂದೆ ಯಾರೋ ಒಬ್ಬರು ಈ ಲೆಕ್ಕ ಮಾಡಿ ನಿದ್ದೆ ಕೆಡಿಸಿಕೊಂಡಿರ್ತಾರೆ.

ಇನ್ನೊಂದು ಸೂತ್ರ, ಓಪನ್-ಟು-ಬೈ. ಈ ತಿಂಗಳ ಅಂದಾಜು ಮಾರಾಟ 10 ಲಕ್ಷ, ರಿಯಾಯಿತಿಯಲ್ಲಿ ಕರಗೋದು 1 ಲಕ್ಷ, ತಿಂಗಳ ಕೊನೆಗೆ ಅಂಗಡಿಯಲ್ಲಿ ಇರಬೇಕಾದ ಸರಕು 18 ಲಕ್ಷ. ಒಟ್ಟು 29. ತಿಂಗಳ ಮೊದಲ ದಿನ ಕೈಯಲ್ಲಿರೋದು 15 ಲಕ್ಷ, ಆರ್ಡರ್ ಕೊಟ್ಟಾಗಿರೋದು 6 ಲಕ್ಷ. ಕಳೆದರೆ 8 ಲಕ್ಷ. ಖರೀದಿದಾರ ಇನ್ನು ಕೊಳ್ಳಬಹುದಾದದ್ದು ಅಷ್ಟೇ, ಸೀರೆ ಎಷ್ಟೇ ಚೆನ್ನಾಗಿರಲಿ. ಎರಡನೇ ಕ್ಲಾಸಿನ ಕೂಡು-ಕಳೆ ಇದು. ಆದರೆ ಐದು ಸಂಖ್ಯೆಗಳಲ್ಲಿ ಮೂರು ಊಹೆ. ಆ ಊಹೆಗಳ ಹಿಂದೆ ಇವತ್ತು ನಮ್ಮ ತಂಡದ ಅರ್ಧ ಕೋಡು ಓಡ್ತಿದೆ.

ನನ್ನ ಪಕ್ಕ ಕೂರುತ್ತಿದ್ದವಳಿಗೆ ಹತ್ತೊಂಬತ್ತು ವರ್ಷ. ಅವಳ ತಾಯಿ ಗುತ್ತಿಗೆ ಹೊಲಿಗೆ ಘಟಕದಲ್ಲಿ ಕೆಲಸ ಮಾಡ್ತಿದ್ದರು. ಹಿಂದಿನ ಬೆಂಚಲ್ಲಿ ನಿವೃತ್ತರಾದ ಒಬ್ಬರು, ಮೊಮ್ಮಗಳ ಮದುವೆ ಗೌನನ್ನು ಕೈಯಾರೆ ಹೊಲಿಯಬೇಕು ಅಂತ ಸೇರಿದ್ದರು. ನನ್ನ ಎಂಟೆಕ್ ಬಗ್ಗೆ ಯಾರೂ ಕೇಳಲಿಲ್ಲ. ಹತ್ತು ವರ್ಷದಲ್ಲಿ ಮೊದಲ ಸಲ ನಾನು ಕ್ಲಾಸಿನಲ್ಲಿ ಕೊನೆಯವಳಾಗಿದ್ದೆ, ಮತ್ತು ಅದರಿಂದ ಬೇಜಾರಾಗಲಿಲ್ಲ.

ಕೊನೆಯವಳಾಗಿದ್ದು ಪ್ಯಾಟರ್ನ್ ಕ್ಲಾಸಿನಲ್ಲಿ. ನೇರ ರೇಖೆಯಲ್ಲಿ ಹೊಲಿಯೋಕೆ ಮೂರು ವಾರ ಹಿಡೀತು. ಆದರೆ ಡಾರ್ಟ್ ಪಾಠ ಬಂದ ದಿನ ತಲೆಯೊಳಗೆ ದೀಪ ಹತ್ತಿತು. ಬಟ್ಟೆ ಚಪ್ಪಟೆ, ಮೈ ಚಪ್ಪಟೆ ಅಲ್ಲ. ಕಡಲೆಕಾಯಿ ಪೊಟ್ಟಣ ನೆನಪಿಸಿಕೊಳ್ಳಿ: ದುಂಡಗಿನ ಕಾಗದದಿಂದ ಒಂದು ಹೋಳು ತೆಗೆದು ಅಂಚು ಕೂಡಿಸಿದರೆ ಶಂಕು ಆಗುತ್ತೆ. ಡಾರ್ಟ್ ಅಂದ್ರೆ ಆ ಹೋಳು. ಅದನ್ನು ಸೊಂಟದಿಂದ ಭುಜಕ್ಕೆ, ಭುಜದಿಂದ ಕಂಕುಳಿಗೆ ಎಲ್ಲಿಗೆ ಬೇಕಾದರೂ ತಿರುಗಿಸಬಹುದು. ತುದಿ ಅದೇ ಇದ್ದರೆ ಕೋನ ಬದಲಾಗಲ್ಲ. ನಮ್ಮೂರಿನ ಬ್ಲೌಸ್ ಟೈಲರುಗಳು ಪ್ರೋಟ್ರ್ಯಾಕ್ಟರ್ ಇಲ್ಲದೆ, ಬೆರಳಿನಲ್ಲಿ ಅಳೆದು ಇದನ್ನು ದಿನಕ್ಕೆ ಎಷ್ಟೋ ಸಲ ಮಾಡ್ತಾರೆ. ನಾನು ಅವರ ಹತ್ತಿರ ಹಬ್ಬಕ್ಕೆ ಮುಂಚೆ ಬೇಕು ಅಂತ ಜಗಳ ಆಡಿದ್ದು ಬಿಟ್ಟರೆ, ಅವರು ಏನು ಮಾಡ್ತಿದ್ದಾರೆ ಅಂತ ನೋಡಿರಲೇ ಇಲ್ಲ.

ಅಲ್ಲಿಂದಲೇ ನನಗೆ ಸೀರೆ ಹೊಸದಾಗಿ ಕಂಡಿದ್ದು. ಒಂದು ಕುರ್ತಿ ವಿನ್ಯಾಸ ತಗೊಳ್ಳಿ. ಆರು ಸೈಜು, ನಾಲ್ಕು ಬಣ್ಣ. 24 ಬೇರೆ ಬೇರೆ ಸರಕು. ಮೀಡಿಯಂ ಮೊದಲು ಖಾಲಿಯಾಗಿ, ಡಬಲ್ ಎಕ್ಸ್‌ಎಲ್ ಇಲ್ಲ ಅಂತ ಗಿರಾಕಿ ವಾಪಸ್ ಹೋಗಿ, ಎಕ್ಸ್‌ಎಸ್ ಮಾತ್ರ ಗೋಡೌನಿನಲ್ಲಿ ಕೂರುತ್ತೆ. ಸೀರೆಗೆ ಈ ತಲೆನೋವೇ ಇಲ್ಲ. ನಾಲ್ಕು ಬಣ್ಣ ಅಂದ್ರೆ ನಾಲ್ಕೇ ಸರಕು. ಹಾಗಾದರೆ ಸೈಜಿನ ಸಮಸ್ಯೆ ಎಲ್ಲಿಗೆ ಹೋಯ್ತು? ಬ್ಲೌಸ್ ಪೀಸಿನೊಳಗೆ ಮಡಚಿ ಬೀದಿ ಕೊನೆಯ ಟೈಲರಿಗೆ ಕಳಿಸಿದ್ದೇವೆ. ನಮ್ಮ ಬಟ್ಟೆ ವ್ಯಾಪಾರ ತಲೆತಲಾಂತರದಿಂದ ತನ್ನ ಅತಿ ಕಷ್ಟದ ಲೆಕ್ಕವನ್ನು ಅತಿ ಕಡಿಮೆ ದುಡ್ಡು ಸಿಗುವವರ ಹೆಗಲಿಗೆ ಹಾಕಿದೆ. ಸಿದ್ಧ ಉಡುಪಿಗೆ ಹೊರಳಿದ ಮೇಲೆ ಲೆಕ್ಕ ನಮ್ಮ ಹತ್ತಿರ ವಾಪಸ್ ಬಂದಿದೆ, ಆದರೆ ನಮ್ಮದೇ ಅಳತೆ ಪಟ್ಟಿ ಇರಲಿಲ್ಲ. ಅದಕ್ಕೇ ನಿಫ್ಟ್‌ನವರು ಇಂಡಿಯಾಸೈಜ್ ಅಂತ 25,000 ಜನರನ್ನು 3ಡಿ ಸ್ಕ್ಯಾನರ್‌ನಲ್ಲಿ ಅಳೆಯುವ ಯೋಜನೆ ಕೈಗೊಂಡಿದ್ದು.

2020ರ ಮಾರ್ಚ್‌ನಲ್ಲಿ ಕ್ಲಾಸುಗಳು ಆನ್‌ಲೈನ್ ಆದವು. ಡ್ರೇಪಿಂಗನ್ನು ಝೂಮ್‌ನಲ್ಲಿ ಕಲಿಯೋದು ಈಜನ್ನು ಪೋಸ್ಟಿನಲ್ಲಿ ಕಲಿತ ಹಾಗೆ. ಹೇಗೋ ಮುಗೀತು. ಮರುವರ್ಷ ಪುಣೆಗೆ ಬಂದೆವು.

ಇಲ್ಲಿ ಒಂದು ಕಂಪನಿಯ ಸಂದರ್ಶನದಲ್ಲಿ ಎಚ್‌ಆರ್ ನನ್ನ ರೆಸ್ಯೂಮೆಯ ಆ ವರ್ಷಗಳಿಗೆ ಸುತ್ತು ಹಾಕಿ ಗ್ಯಾಪ್ ಅಂತ ಬರೆದರು. ಅಲ್ಲಿ ಕಾಲೇಜಿನ ಹೆಸರು, ಕೋರ್ಸು, ಗ್ರೇಡು ಎಲ್ಲ ಅಚ್ಚಾಗಿತ್ತು. ನೇರ ಕೇಳಿದೆ, ಇದೇ ಅವಧಿಯಲ್ಲಿ ಎಂಬಿಎ ಅಂತಿದ್ದರೆ ಸುತ್ತು ಹಾಕ್ತಿದ್ರಾ ಅಂತ. ಆ ಕೆಲಸ ಸಿಗಲಿಲ್ಲ. ಈಗಿನ ಕಂಪನಿಯಲ್ಲಿ ಸಂದರ್ಶನ ಮಾಡಿದವರು ಓಪನ್-ಟು-ಬೈ ಗೊತ್ತಾ ಅಂತ ಕೇಳಿದರು. ಬಿಳಿ ಹಲಗೆ ಮೇಲೆ ಬರೆದೆ.

ಇಲ್ಲಿಗೆ ಬಂದ ಮೇಲೆ ಗೊತ್ತಾಗಿದ್ದು, ಅಮೆರಿಕದಲ್ಲಿ ಕಲಿತ ಕ್ಯಾಲೆಂಡರ್ ನಮ್ಮಲ್ಲಿ ಮುರಿದುಬೀಳುತ್ತೆ ಅಂತ. ಅಲ್ಲಿ ತಿಂಗಳನ್ನು 4-5-4 ವಾರಗಳಾಗಿ ಕತ್ತರಿಸ್ತಾರೆ, ಹೋದ ವರ್ಷದ ಅದೇ ವಾರದ ಜೊತೆ ಹೋಲಿಸೋಕೆ. ನಮ್ಮ ದೀಪಾವಳಿ 2023ರಲ್ಲಿ ನವೆಂಬರ್ 12ಕ್ಕೆ, 2025ರಲ್ಲಿ ಅಕ್ಟೋಬರ್ 20ಕ್ಕೆ. ಬೆಂಗಳೂರಿನಲ್ಲಿ ಆಷಾಢ ಸೇಲ್ ಜೂನ್ ಕೊನೆಗೆ ಶುರುವಾದರೆ ಚೆನ್ನೈನಲ್ಲಿ ಆಡಿ ರಿಯಾಯಿತಿ ಜುಲೈ ಮಧ್ಯಕ್ಕೆ, ಯಾಕಂದ್ರೆ ಒಂದು ಚಾಂದ್ರಮಾನ, ಇನ್ನೊಂದು ಸೌರಮಾನ. 2023ರಲ್ಲಿ ಆಷಾಢದ ಬೆನ್ನಿಗೆ ಅಧಿಕ ಶ್ರಾವಣವೂ ಬಂತು. ಮದುವೆ ಸೀರೆ ಕೇಳುವವರೇ ಇಲ್ಲದ ಎರಡು ತಿಂಗಳು. ನಮ್ಮ ಸಾಫ್ಟ್‌ವೇರಿಗೆ ಪಂಚಾಂಗ ಸೇರಿಸಬೇಕು ಅಂತ ನಾನು ಹೇಳಿದಾಗ ತಂಡದ ಹುಡುಗರು ನಕ್ಕರು. ಈಗ ಅದಕ್ಕೊಂದು ಮಾಡ್ಯೂಲ್ ಇದೆ.

ನನ್ನನ್ನು ಡಿಸೈನರ್ ಅಂತ ಪರಿಚಯಿಸಬೇಡಿ. ನನಗೆ ಚಿತ್ರ ಬರೆಯೋಕೆ ಬರಲ್ಲ, ಎರಡು ವರ್ಷದಲ್ಲಿ ಅದು ಬರಲೂ ಇಲ್ಲ. ಒಂದು ವಿಚಿತ್ರ ಮಾತ್ರ ಹೇಳಿಬಿಡ್ತೀನಿ. 1986ರಲ್ಲಿ ನಿಫ್ಟ್ ಶುರುವಾದಾಗ ಸಹಯೋಗ ಕೊಟ್ಟಿದ್ದು ನ್ಯೂಯಾರ್ಕಿನ ಎಫ್‌ಐಟಿ. 1944ರಲ್ಲಿ ಹುಟ್ಟಿದ ಆ ಸಂಸ್ಥೆ 1951ರಿಂದ ಅಲ್ಲಿನ ರಾಜ್ಯ ವಿಶ್ವವಿದ್ಯಾಲಯದ ಅಡಿಯಲ್ಲಿ ಕಮ್ಯುನಿಟಿ ಕಾಲೇಜು. ನಾವು ಅದರ ಪಠ್ಯ ತಂದೆವು, ಕಮ್ಯುನಿಟಿ ಕಾಲೇಜುಗಳ ತೆರೆದ ಬಾಗಿಲು ತರಲಿಲ್ಲ. ಒಂದು ಕಡೆ ಪ್ರವೇಶ ಪರೀಕ್ಷೆಯ ನಿಫ್ಟ್, ಇನ್ನೊಂದು ಕಡೆ ಐಟಿಐ ಹೊಲಿಗೆ ತರಗತಿ. ಮಧ್ಯದಲ್ಲಿ ನಲವತ್ತರ ಹೆಂಗಸೊಬ್ಬಳು ಸಂಜೆ ಹೋಗಿ ಮಾರ್ಕಪ್ ಮತ್ತು ಡಾರ್ಟ್ ಎರಡನ್ನೂ ಕಲಿಯುವ ಸರ್ಕಾರಿ ಜಾಗ ಪುಣೆಯಲ್ಲಿ ಹುಡುಕಿದೆ, ನನಗಂತೂ ಸಿಕ್ಕಿಲ್ಲ. ನಿಮಗೆ ಗೊತ್ತಿದ್ದರೆ ಹೇಳಿ, ನಮ್ಮ ಸೊಸೈಟಿಯಲ್ಲೇ ಮೂವರು ಕಾಯ್ತಿದ್ದಾರೆ.

ಎಚ್-4ನಲ್ಲಿ ಹೊರಟವರು ಯಾರಾದರೂ ಇದ್ದರೆ, ಹೋದ ದಿನದಿಂದಲೇ ಬಾಡಿಗೆ ಕರಾರು, ಬ್ಯಾಂಕ್ ಖಾತೆ, ಡ್ರೈವಿಂಗ್ ಲೈಸೆನ್ಸ್‌ಗಳಲ್ಲಿ ನಿಮ್ಮ ಹೆಸರೂ ಇರಲಿ. ಒಂದು ವರ್ಷದ ನಂತರ ನಿವಾಸಿ ಶುಲ್ಕ ಕೇಳುವಾಗ ಗಂಡನ ಹೆಸರಿನ ಕಾಗದ ಒಂದೇ ಸಾಲಲ್ಲ.

ಪ್ರಶ್ನೆ ಕೇಳಿ. ಬ್ಲೌಸ್ ಹೊಲಿದು ಕೊಡ್ತೀರಾ ಅನ್ನೋದೊಂದು ಬಿಟ್ಟು.